ರೈಫಲ್ ಕೆಳಗಿನ ದಪ್ಪ ನಳಿಗೆ

ಪ್ರಶ್ನೆ: ಸುದ್ದಿ ಫೋಟೋಗಳಲ್ಲಿ ಕೆಲವು ಸೈನಿಕರ ರೈಫಲ್ ಕೆಳಗೆ ಇನ್ನೊಂದು ದಪ್ಪ ನಳಿಗೆ ಕಾಣಿಸುತ್ತದೆ. ಗ್ರೆನೇಡ್ ಹಾರಿಸೋಕೆ ಅಂತಾರೆ. ಕೈಯಲ್ಲೇ ಎಸೆಯಬಹುದಲ್ವಾ ಸಾರ್? ಹಾರಿಸುವಾಗ ಮುಖದ ಮುಂದೆಯೇ ಸಿಡಿದರೆ?
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಎಸೆಯಬಹುದು ತಮ್ಮಾ, ಎಷ್ಟು ದೂರ? ಒಳ್ಳೆ ರಟ್ಟೆ ಇರುವ ಜವಾನ ಮೂವತ್ತು, ಮೂವತ್ತೈದು ಮೀಟರ್ ಎಸೆದಾನು. ಅದಕ್ಕಿಂತ ಆಚೆ, ಬಂಡೆಯ ಮರೆಯಲ್ಲೋ ಹಳ್ಳದೊಳಗೋ ಅವಿತವನಿಗೆ ರೈಫಲ್ ಗುಂಡು ತಾಗುವುದಿಲ್ಲ, ಕೈಯೂ ಎಟುಕುವುದಿಲ್ಲ. ಪ್ರತಿ ಸಲ ಮಾರ್ಟರ್ (ಶೆಲ್‌ಗಳನ್ನು ಮೇಲಕ್ಕೆ ಕಮಾನಾಗಿ ಹಾರಿಸುವ ಕೊಳವೆ) ತಂಡಕ್ಕೆ ಕಾಯ್ತಾ ಕೂರೋಕಾಗುತ್ತಾ?

ತರಬೇತಿ ಕೊಡುತ್ತಿದ್ದ ಹಳೆ ಉಸ್ತಾದರು ಜಿ.ಎಫ್. ರೈಫಲ್, ಅಂದರೆ ಗ್ರೆನೇಡ್ ಫೈರಿಂಗ್ ರೈಫಲ್ ಬಗ್ಗೆ ನಮಗೆ ಹೇಳುತ್ತಿದ್ದರು. ರೈಫಲ್ ಮೂತಿಗೆ ಲೋಹದ ಬಟ್ಟಲು ಸಿಕ್ಕಿಸಿ, ಅದರೊಳಗೆ 36 ನಂಬರ್ ಕೈಗ್ರೆನೇಡ್ ಇಟ್ಟು ಪಿನ್ ಕೀಳಬೇಕು. ಬಟ್ಟಲಿನ ಗೋಡೆಯೇ ಗ್ರೆನೇಡಿನ ಪಕ್ಕದ ಲಿವರ್ ಹಿಡಿದಿರುತ್ತದೆ. ಗುಂಡಿಲ್ಲದ ತೋಟಾ ಹೊಡೆದರೆ ಅದರ ಗ್ಯಾಸಿಗೆ ಗ್ರೆನೇಡ್ ಹಾರುತ್ತದೆ, ಲಿವರ್ ಬಿಟ್ಟುಕೊಂಡು ಫ್ಯೂಸ್ (ಸಿಡಿಸುವ ಬತ್ತಿ) ಹೊತ್ತಿಕೊಳ್ಳುತ್ತದೆ. ಕೈಯಿಂದ ಎಸೆಯಲು 4 ಸೆಕೆಂಡ್ ಫ್ಯೂಸ್, ಇದಕ್ಕೆ 7 ಸೆಕೆಂಡ್. ಒದೆತ ಜಾಸ್ತಿ, ಆದ್ದರಿಂದ ರೈಫಲ್ಲಿನ ಹಿಂಬದಿ, ಅಂದರೆ ಬಟ್ ನೆಲಕ್ಕೆ ಊರಿಯೇ ಹೊಡೆಯಬೇಕು. ಬಟ್ಟಲು ಇರುವಷ್ಟು ಹೊತ್ತು ಮಾಮೂಲಿ ಗುಂಡಿನ ಮಾತೇ ಇಲ್ಲ.

ಅಮೆರಿಕದವರು 1960ರ ದಶಕದಲ್ಲಿ ಎಂ-79 ಅಂತ ಗಿಡ್ಡ ಗನ್ ತಂದರು. ಅದೂ ಒಂಟಿ ತೋಟಾದ್ದು. ಹೊತ್ತವನ ಕೈಯಲ್ಲಿ ರೈಫಲ್ ಇರುತ್ತಿರಲಿಲ್ಲ. ವಿಯೆಟ್ನಾಂ ಕಾಡಿನಲ್ಲಿ ಇದು ದೊಡ್ಡ ತಲೆನೋವಾಯಿತು. ಕೊನೆಗೆ ನಳಿಗೆಯನ್ನೇ ರೈಫಲ್ ಕೆಳಗೆ ತಗಲಿಹಾಕಿದರು, ಅದೇ ಎಂ-203. ಸೋವಿಯತ್ ಸೇನೆ ಜಿಪಿ-25 ಮಾಡಿಕೊಂಡಿತು. ಅದರ ಗ್ರೆನೇಡನ್ನು ಮೂತಿಯ ಕಡೆಯಿಂದ ಒಳಗೆ ತಳ್ಳುತ್ತಾರೆ. ನಮ್ಮ ಸೇನೆಯದನ್ನು ಯು.ಬಿ.ಜಿ.ಎಲ್. (ಅಂಡರ್ ಬ್ಯಾರೆಲ್ ಗ್ರೆನೇಡ್ ಲಾಂಚರ್) ಅಂತೀವಿ. ಪುಣೆಯ ಡಿ.ಆರ್.ಡಿ.ಓ. ಲ್ಯಾಬಿನ ವಿನ್ಯಾಸ, ತಿರುಚಿರಾಪಳ್ಳಿ ಕಾರ್ಖಾನೆಯ ತಯಾರಿ. 40 ಮಿಲಿಮೀಟರ್ ಬಾಯಿ, ನಮ್ಮ ಇನ್ಸಾಸ್ ರೈಫಲ್ಲಿಗೂ ಎಕೆಗೂ ಕೂರುತ್ತದೆ, 400 ಮೀಟರ್‌ವರೆಗೆ ಹೋಗುತ್ತದೆ.

ಹೊಸಬರು ಎಡವುವುದು ಎಲ್ಲಿ ಗೊತ್ತಾ? ರೈಫಲ್ ಅಭ್ಯಾಸದಲ್ಲಿ ನೇರ ಗುರಿ ಇಡುತ್ತಾರೆ. ಇನ್ಸಾಸ್ ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ಓಡಿದರೆ, ಎಂ-203ರ ಗ್ರೆನೇಡ್ ಬರೀ 76. ಬೌಂಡರಿಯಿಂದ ಕೀಪರ್‌ಗೆ ಥ್ರೋ ಮಾಡಿದ ಹಾಗೆ ಕಮಾನಾಗಿ ಹೋಗುತ್ತದೆ. ಹಿಂದೆ ನಿಂತವನ ಕಣ್ಣಿಗೆ ಹಾರುವುದು ಕಾಣುತ್ತದೆ ಕೂಡ. 150 ಮೀಟರ್ ಮುಟ್ಟೋಕೆ ಎರಡು ಸೆಕೆಂಡ್ ಮೇಲೆ ಬೇಕು. ದೂರದ ಅಂದಾಜು ತಪ್ಪಿದರೆ ಸೈಟ್ ಎಷ್ಟು ಚೆನ್ನಾಗಿದ್ದರೂ ಅಷ್ಟೇ. ಅದಕ್ಕೇ ನಾನು ಕಲಿಸುವಾಗ ಮೊದಲು ಕಣ್ಣಳತೆ ಮಾಡಿಸುತ್ತಿದ್ದೆ. ಆ ಮರ ಎಷ್ಟು ದೂರ, ಈ ಕಂಬ ಎಷ್ಟು ದೂರ ಅಂತ. ಹುಡುಗರು ಒಳಗೊಳಗೇ ಬೈಕೊಂಡಿರಬೇಕು.

ಇನ್ನು ನಿನ್ನ ಭಯ. ಎಂ-203ರ ಗ್ರೆನೇಡನ್ನೇ ತಗೋ. ಅದನ್ನು ಸಿಡಿಸುವ ಫ್ಯೂಸ್ ಬೀಗ ಹಾಕಿಕೊಂಡೇ ಹೊರಡುತ್ತದೆ. ತೋಟಾ ಹೊಡೆದಾಗಿನ ಜರ್ಕಿಗೆ ಒಂದು ತಡೆ ಬಿಡುತ್ತದೆ. ನಳಿಗೆಯೊಳಗಿನ ಸುರುಳಿ ಗೀರುಗಳು ಗ್ರೆನೇಡನ್ನು ಗಿರ್ರನೆ ತಿರುಗಿಸಿದಾಗ ಒಳಗಿನ ಪುಟ್ಟ ತೂಕಗಳು ಹೊರಕ್ಕೆ ಸರಿದು ಇನ್ನೊಂದು ತಡೆ ಬಿಡುತ್ತದೆ. ಇಷ್ಟಾಗುವಷ್ಟರಲ್ಲಿ ಅದು 14ರಿಂದ 27 ಮೀಟರ್ ದಾಟಿರುತ್ತದೆ. ಅದಕ್ಕಿಂತ ಮೊದಲೇ ಮರಕ್ಕೆ ಬಡಿದರೆ ಸಿಡಿಯಬಾರದು. ಹಾಗಂತ ಬಿದ್ದದ್ದನ್ನು ಮುಟ್ಟೋಕೆ ಹೋಗಬಾರದು. ಅದಕ್ಕೆ ಬಾಂಬ್ ನಿಷ್ಕ್ರಿಯ ಮಾಡುವವರೇ ಬರಬೇಕು.

ಸಿನಿಮಾದ ಬೆಂಕಿ ಉಂಡೆಯನ್ನಂತೂ ಮರೆತುಬಿಡು. ಢಮ್ ಅಂತ ಒಂದು ಸದ್ದು, ಒಂದಿಷ್ಟು ಹೊಗೆ, ಧೂಳು. ಕೊಲ್ಲುವುದು ಕಣ್ಣಿಗೆ ಕಾಣದ ಚೂರುಗಳು. ಸಿಡಿದ ಜಾಗದ ಸುತ್ತ 5 ಮೀಟರ್ ಒಳಗಿದ್ದವನಿಗೆ ಉಳಿಗಾಲ ಕಷ್ಟ, ಒಂದೆರಡು ಚೂರು ಅದಕ್ಕಿಂತ ಬಹಳ ದೂರ ಹಾರುತ್ತವೆ. ಹಾಗಾಗಿ ಅಮೆರಿಕದವರ ತರಬೇತಿಯಲ್ಲಿ ಅಸಲಿ ಗ್ರೆನೇಡಿನ ಗುರಿ 130 ಮೀಟರ್‌ಗಿಂತ ಹತ್ತಿರ ಇರುವಂತಿಲ್ಲ. ಯುದ್ಧದಲ್ಲಾದರೆ 31 ಮೀಟರ್.