ಸಂಬಳ ಬರುವವರಿಗೆ ಉಪ್ಪಿನಕಾಯಿ ಹುಚ್ಚು ಯಾಕೆ?

ಪ್ರಶ್ನೆ: ನಮ್ಮ ಯಜಮಾನರು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ. ವಯಸ್ಸು 43. ಸಂಬಳ ತಪ್ಪಿದ್ದಿಲ್ಲ, ಮನೆ ಸ್ವಂತದ್ದು, ಸಾಲ ಇಲ್ಲ. ಈಗ ಕೆಲಸ ಬಿಟ್ಟು ಅಪ್ಪೆಮಿಡಿ (ನಮ್ಮ ಕಡೆಯ ಎಳೆ ಮಾವಿನಕಾಯಿ) ಉಪ್ಪಿನಕಾಯಿ ವ್ಯಾಪಾರ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾರೆ. ಇವರಿಗೆ ಏನು ಕಡಿಮೆಯಾಗಿದೆ?
– ಒಬ್ಬ ಗೃಹಿಣಿ, ಶಿರಸಿ

ಉತ್ತರ: ಏನೂ ಕಡಿಮೆಯಾಗಿಲ್ಲ ತಂಗಿ. ಅದಕ್ಕೇ ಈ ಯೋಚನೆ ಬಂದಿರಬೇಕು.

ನಾನೂ 19 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಎದ್ದು ಬಂದು ಇದೇ ಉಪ್ಪಿನಕಾಯಿಗೆ ಇಳಿದವ. ದುಡ್ಡಿನ ಆಸೆ ಅಂತ ಊರವರು ಆಡಿಕೊಂಡರು. ಮೊದಲ ಮೂರು ವರ್ಷ ಸಂಬಳದ ಅರ್ಧವೂ ಹುಟ್ಟಲಿಲ್ಲ! ಬಡ್ತಿ ಬಂದಿತ್ತು, ಜೊತೆಗೆ ಬೀದರಿಗೆ ವರ್ಗ. ನಾನು ಯಾವ ಊರಿನ ನೀರು ಕುಡಿಯಬೇಕು ಅಂತ ಇನ್ಯಾರೋ ಬರೆಯುವುದು ಸಾಕಾಗಿ ಹೋಗಿತ್ತು, ಅಷ್ಟೇ.

ನಿಮ್ಮವರು ಈ ಮಾತು ಯಾವಾಗ ಎತ್ತುತ್ತಾರೆ, ನೋಡಿ. ಭಾನುವಾರ ರಾತ್ರಿ ಮಾತ್ರ ಎತ್ತಿದರೆ ಅದು ಸಾಹೇಬರ ಮೇಲಿನ ಸಿಟ್ಟು. ಸಾಹೇಬರಿಗೆ ವರ್ಗವಾದರೆ ಇಳಿಯುತ್ತದೆ. ರಜೆ ದಿನ ಅಘನಾಶಿನಿ ದಂಡೆಯಲ್ಲಿ ಮರ ಹುಡುಕುತ್ತಾ, ತೊಟ್ಟು ಮುರಿದು ಸೊನೆ ಮೂಸುತ್ತಾ ತಿರುಗುತ್ತಾರಾ? ಹಾಗಿದ್ದರೆ ಸುಮ್ನೆ ಬಿಡುವ ಪೈಕಿ ಅಲ್ಲ.

2009ರಷ್ಟು ಹಿಂದೆಯೇ ಜಿಐ ಟ್ಯಾಗ್ (ಇಂಥ ಸೀಮೆಯದ್ದೇ ಎಂಬ ಸರ್ಕಾರಿ ಗುರುತು) ಸಿಕ್ಕಿದ ಅಪ್ಪೆಮಿಡಿಗೆ ಗಿರಾಕಿ ಹುಡುಕುವುದು ಕಷ್ಟವಲ್ಲ, ಒಳ್ಳೆ ಮಿಡಿ ಹುಡುಕುವುದು ಕಷ್ಟ. ನಾನು ಮೊದಲ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಕೊಂಬೆ ಅಲ್ಲಾಡಿಸಿ ಉದುರಿಸಿದ ಮಿಡಿ ತಂದೆ. ನೆಲಕ್ಕೆ ಬಿದ್ದು ಪೆಟ್ಟಾದದ್ದು, ಅರ್ಧಕ್ಕೆ ತೊಟ್ಟೇ ಇಲ್ಲ. ಉಪ್ಪಿಗೆ ಹಾಕಿದ ಎರಡು ಭರಣಿ ಮಳೆಗಾಲ ಮುಗಿಯುವುದರೊಳಗೆ ಮೆತ್ತಗಾಗಿ ಗೊಬ್ಬರಗುಂಡಿ ಸೇರಿತು. ತಿಂಗಳ ಸಂಬಳದವನಿಗೆ ಇಂಥ ನಷ್ಟ ಅಭ್ಯಾಸ ಇರುವುದಿಲ್ಲ. ನನಗೆ ಎರಡು ದಿನ ಊಟ ಸೇರಲಿಲ್ಲ.

ಹಾಗಾಗಿ ರಾಜೀನಾಮೆ ಈಗಲೇ ಬೇಡ. ಕೊಟ್ಟರೆ ಹಿಂದಿನ ಸರ್ವಿಸ್ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಲೆಕ್ಕ ಇದೆ: ಕೆಲಸದಲ್ಲಿದ್ದುಕೊಂಡೇ ಶುರು ಮಾಡಿ ಆಮೇಲೆ ಬಿಟ್ಟವರ ವ್ಯಾಪಾರ ಮುಳುಗುವ ಸಂಭವ, ಒಮ್ಮೆಲೇ ಹಾರಿದವರಿಗಿಂತ ಮೂರನೇ ಒಂದರಷ್ಟು ಕಡಿಮೆ. ಆದರೆ ಸರ್ಕಾರಿ ನೌಕರ ತಾನೇ ವ್ಯಾಪಾರ ಮಾಡಲು ನಿಯಮ ಬಿಡುವುದಿಲ್ಲ. ಮನೆಯವರು ಮಾಡಬಹುದು, ಕಚೇರಿಗೆ ಬರೆದು ತಿಳಿಸಬೇಕು. ಅಂದರೆ ಲೈಸೆನ್ಸು ನಿಮ್ಮ ಹೆಸರಿಗೆ, ಭರಣಿ ತೊಳೆಯುವವರೂ ನೀವೇ! ನಿಮಗೆ ಮನಸ್ಸಿದೆಯಾ ಅಂತ ಅವರು ಕೇಳಿದ್ದಾರಾ? ಪತ್ರದಲ್ಲಿ ಅದನ್ನು ನೀವು ಬರೆದಿಲ್ಲ.

ಮನಸ್ಸಿದ್ದರೆ ಬರುವ ಸೀಸನ್ನಿಗೆ ಒಂದು ಸಾವಿರ ಮಿಡಿ ಹಾಕಿ ನೋಡಿ. ಮರ ಹತ್ತಿ ಕೈಯಲ್ಲಿ ಕೊಯ್ದದ್ದೇ ಆಗಬೇಕು. ತೊಟ್ಟು ಒಂದಿಂಚಾದರೂ ಇರಲಿ.