ಜಾವಾದಿಂದ ಪೈಥಾನ್‌ಗೆ ತಂದ ಲೈಬ್ರರಿಯ ಬಿಡುಗಡೆ

ಓದುಗರ ಪತ್ರ: ಅಪಾಚೆ 2.0 ಎಂಬ ಮುಕ್ತ ಲೈಸೆನ್ಸಿನ ಒಂದು ಜಾವಾ ಲೈಬ್ರರಿಯನ್ನು (ಬೇರೆ ಪ್ರೋಗ್ರಾಮುಗಳು ಬಳಸುವ ಸಿದ್ಧ ಕೋಡ್) ಪೈಥಾನ್‌ಗೆ ತಂದಿದ್ದೇನೆ. ಪಠ್ಯವನ್ನು ಪದಗಳಾಗಿ ಬಿಡಿಸುವ ಕೆಲಸ ಅದರದು. ಸುಮಾರು ನಾಲ್ಕು ಸಾವಿರ ಸಾಲು ಕೋಡ್ ಇದೆ. ಅದೇ ಹೆಸರಿನಲ್ಲಿ, ಎಂಐಟಿ ಎಂಬ ಇನ್ನೊಂದು ಮುಕ್ತ ಲೈಸೆನ್ಸ್ ಹಾಕಿ, 1.0 ಎಂದು ಪೈಥಾನ್ ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಪೈಪಿಐಗೆ ಏರಿಸಬೇಕೆಂದಿದ್ದೇನೆ. ಇಲ್ಲವೇ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಇಟ್ಟರೆ ಸಾಕೇ? – ಧಾರವಾಡದ ಓದುಗರು

ಸಂಪಾದಕರ ಉತ್ತರ:

ಪೈಪಿಐಗೇ ಏರಿಸಿ. ಬೇರೆಯವರು ಬಳಸಲಿ ಎಂಬುದು ನಿಮ್ಮ ಉದ್ದೇಶವಾದರೆ ಗಿಟ್‌ಹಬ್ ಒಂದೇ ಸಾಲದು. ಆದರೆ ಆ ಹೆಸರು, ಆ ಲೈಸೆನ್ಸ್, ಆ 1.0 – ಮೂರೂ ಬದಲಾಗಬೇಕು.

ಮೊದಲು ಲೈಸೆನ್ಸ್. ಪ್ರತಿ ಸಾಲನ್ನೂ ನೀವೇ ಕೂತು ಬರೆದಿದ್ದೀರಿ, ನಿಜ. ಆದರೂ ಮೂಲವನ್ನು ಮುಂದಿಟ್ಟುಕೊಂಡು ಬರೆದದ್ದು ಅನುವಾದವೇ. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೇ ಸೇರಿಸಿದೆ. ಮರಾಠಿ ಕಾದಂಬರಿಯನ್ನು ಕನ್ನಡಕ್ಕೆ ತಂದವರಿಗೆ ಮೂಲ ಲೇಖಕರ ಹಕ್ಕು ಹೇಗೆ ಬರುವುದಿಲ್ಲವೋ ಇಲ್ಲೂ ಹಾಗೆಯೇ. ಆದ್ದರಿಂದ ಅಪಾಚೆ 2.0 ಲೈಸೆನ್ಸನ್ನೇ ಉಳಿಸಿಕೊಳ್ಳಿ. ಅದರ 4ನೇ ಕಲಮು ಕೇಳುವುದು ಹೆಚ್ಚೇನಲ್ಲ: ಲೈಸೆನ್ಸಿನ ಪೂರ್ತಿ ಪ್ರತಿ ಜೊತೆಗಿರಬೇಕು, ಮೂಲದ ಕಾಪಿರೈಟ್ ಸಾಲುಗಳನ್ನು ಅಳಿಸಬಾರದು, ಬದಲಾಯಿಸಿದ ಫೈಲುಗಳಲ್ಲಿ ಬದಲಾಯಿಸಿದ್ದೇವೆಂದು ಎದ್ದು ಕಾಣುವಂತೆ ಬರೆಯಬೇಕು, ಮೂಲದಲ್ಲಿ ನೋಟಿಸ್ ಫೈಲ್ ಇದ್ದರೆ ಅದರಲ್ಲಿನ ಹೆಸರುಗಳನ್ನೂ ಮುಂದಕ್ಕೆ ಒಯ್ಯಬೇಕು. ಮೂಲದವರ ಕಾಪಿರೈಟ್ ಸಾಲಿನ ಕೆಳಗೆ ನಿಮ್ಮದನ್ನೂ ಸೇರಿಸಿ. ಆ ಹಕ್ಕು ನಿಮಗಿದೆ.

ಲೈಸೆನ್ಸ್ ಎಷ್ಟು ದೂರ ಹಿಂಬಾಲಿಸುತ್ತದೆ ಎಂಬುದಕ್ಕೆ ಚಾರ್‌ಡೆಟ್ ಒಳ್ಳೆಯ ಉದಾಹರಣೆ. ಮೊಜಿಲ್ಲಾದ ಅಕ್ಷರ ಸಂಕೇತ ಪತ್ತೆಹಚ್ಚುವ ಕೋಡನ್ನು ಪೈಥಾನ್‌ಗೆ ತಂದದ್ದು ಅದು. ಎಲ್‌ಜಿಪಿಎಲ್ ಎಂಬ, ಹೆಚ್ಚು ಷರತ್ತುಗಳ ಲೈಸೆನ್ಸ್ ಅದರ ಜೊತೆಗೇ ಬಂತು. ವೆಬ್‌ನಿಂದ ಮಾಹಿತಿ ತರುವ ರಿಕ್ವೆಸ್ಟ್ಸ್ ಲೈಬ್ರರಿ ಚಾರ್‌ಡೆಟ್ ಅನ್ನು ಅವಲಂಬಿಸಿತ್ತು. ಎಲ್‌ಜಿಪಿಎಲ್ ಕೋಡ್ ಕಡ್ಡಾಯ ಅವಲಂಬನೆಯಾಗಿದ್ದರೆ ಅಪಾಚೆ ಫೌಂಡೇಶನ್ನಿನ ಯೋಜನೆಗಳು ಅದನ್ನು ಒಪ್ಪುವಂತಿಲ್ಲ, ಹಾಗಾಗಿ ರಿಕ್ವೆಸ್ಟ್ಸ್ ಬಳಸುವುದೂ ಅವರಿಗೆ ತೊಡಕಾಗಿತ್ತು. ಕೊನೆಗೆ 2021ರ 2.26.0 ಆವೃತ್ತಿಯಲ್ಲಿ ರಿಕ್ವೆಸ್ಟ್ಸ್ ಬೇರೆ ಲೈಬ್ರರಿಗೆ ಹೊರಳಿತು.

ಹೆಸರು: ಮೂಲದ ಹೆಸರನ್ನು ಹಾಗೇ ಹಿಡಿಯಬೇಡಿ. ನಾಳೆ ಅವರೇ ಪೈಥಾನ್ ಆವೃತ್ತಿ ತಂದರೆ ಬಾಗಿಲು ನೀವು ಮುಚ್ಚಿದಂತಾಗುತ್ತದೆ. ಅಪಾಚೆ ಲೈಸೆನ್ಸ್ ಟ್ರೇಡ್‌ಮಾರ್ಕ್ ಬಳಸುವ ಹಕ್ಕನ್ನೂ ಕೊಡುವುದಿಲ್ಲ. ಬೇರೆಯದೇ ಹೆಸರಿಟ್ಟು, ಯಾವುದರ ಅನುವಾದವೆಂದು ವಿವರಣೆಯ ಮೊದಲ ಸಾಲಿನಲ್ಲೇ ಹೇಳಿ. ಪೈಪಿಐಗೆ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಹೈಫನ್, ಅಂಡರ್‌ಸ್ಕೋರ್, ಚುಕ್ಕಿ ಮೂರೂ ಒಂದೇ.

ಆವೃತ್ತಿಯ ಅಂಕಿ ನೋಡಿದರೆ ಮೂಲದ ಯಾವ ಬಿಡುಗಡೆ ಎಂದು ತಿಳಿಯಬೇಕು. ಫೋನ್ ಸಂಖ್ಯೆಗಳನ್ನು ಪರಿಶೀಲಿಸುವ ಗೂಗಲ್‌ನ ಲಿಬ್‌ಫೋನ್‌ನಂಬರ್ ಲೈಬ್ರರಿ ಪೈಥಾನ್‌ನಲ್ಲಿ ಫೋನ್‌ನಂಬರ್ಸ್ ಆಗಿದೆ. ಅದು ಮೂಲದ ಅಂಕಿಯನ್ನೇ ಅನುಸರಿಸುತ್ತದೆ. ನೀವು ತಂದದ್ದು 2.3.0 ಆದರೆ ನಿಮ್ಮದೂ 2.3.0. ನಿಮ್ಮ ಕಡೆಯ ತಪ್ಪು ಮಾತ್ರ ತಿದ್ದಿದಾಗ ನಾಲ್ಕನೇ ಅಂಕಿ ಸೇರಿಸಿ, 2.3.0.1 ಮಾಡಿ. ಪೈಥಾನ್‌ನಲ್ಲಿ ಇದಕ್ಕೆ ಅವಕಾಶವಿದೆ. ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರವಾದ ಎನ್‌ಪಿಎಂನಲ್ಲಿ ಮೂರೇ ಅಂಕಿ, ಅಲ್ಲಿ ಈ ಉಪಾಯ ನಡೆಯದು.

ಆದರೆ ಮೊದಲ ಬಿಡುಗಡೆ ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಆಗಿರಲಿ. ನಮಗೆ ನಿಜವಾದ ಚಿಂತೆ ಇರುವುದು ಇಲ್ಲಿ. ಅನುವಾದಿಸಿದ ಕೋಡ್ ದೋಷ ತೋರಿಸದೆ ಓಡುತ್ತಲೇ ತಪ್ಪು ಉತ್ತರ ಕೊಡಬಲ್ಲದು. ಜಾವಾದಲ್ಲಿ -7 ಅನ್ನು 2ರಿಂದ ಭಾಗಿಸಿದರೆ -3. ಪೈಥಾನ್‌ನ ಎರಡು ಸ್ಲ್ಯಾಶ್‌ಗಳ ಭಾಗಾಕಾರದಲ್ಲಿ -4. ಜಾವಾದ ಇಂಟ್ (ಪೂರ್ಣಾಂಕ) 32 ಬಿಟ್ ದಾಟಿದರೆ ಸುತ್ತಿ ಋಣ ಸಂಖ್ಯೆಯಾಗುತ್ತದೆ, ಪೈಥಾನ್‌ನಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಪಠ್ಯವನ್ನು ಸಂಖ್ಯೆಯಾಗಿಸುವ ಹ್ಯಾಶ್ ಲೆಕ್ಕಗಳು ಕೆಡುವುದು ಹೀಗೆ. ಒಂದು ಸಾಮಾನ್ಯ ಇಮೋಜಿಯ ಉದ್ದ ಜಾವಾದಲ್ಲಿ 2, ಪೈಥಾನ್‌ನಲ್ಲಿ 1, ಅದರ ಮುಂದಿನ ಪದಗಳ ಸ್ಥಾನವೆಲ್ಲ ಒಂದೊಂದು ಜರುಗುತ್ತದೆ. ಕನ್ನಡ ಪಠ್ಯವನ್ನಷ್ಟೇ ಕೊಟ್ಟು ನೋಡಿದರೆ ಈ ತಪ್ಪು ಕಾಣುವುದೇ ಇಲ್ಲ.

ಪದ ಬಿಡಿಸುವ ನಿಮ್ಮ ಲೈಬ್ರರಿಗೆ ಇನ್ನೊಂದು ಅಪಾಯವಿದೆ. ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಪದದ ಅಕ್ಷರಗಳನ್ನು ಸೂಚಿಸುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಜಾವಾದ ಯೂನಿಕೋಡ್ ಆಯ್ಕೆಯಲ್ಲಿ ಗುಣಿತಾಕ್ಷರದ ಸ್ವರ ಚಿಹ್ನೆಗಳನ್ನೂ ಒತ್ತಕ್ಷರ ಮಾಡುವ ಹಲಂತ ಚಿಹ್ನೆಯನ್ನೂ ಪದದ ಭಾಗವೆಂದೇ ಎಣಿಸುತ್ತದೆ. ಪೈಥಾನ್ ಜೊತೆಗೇ ಬರುವ ಆರ್‌ಇ ಮಾಡ್ಯೂಲ್ ಎಣಿಸುವುದಿಲ್ಲ. ‘ಕನ್ನಡ’ ಎಂಬ ಒಂದು ಪದ ‘ಕನ’, ‘ನಡ’ ಎಂದು ಎರಡಾಗಿ ಒಡೆಯುತ್ತದೆ. ಆ ಚಿಹ್ನೆಗಳನ್ನು ನೀವೇ ಹೆಸರಿಸಿ ಸೇರಿಸಬೇಕು.

ಹಾಗಾಗಿ ಮೂಲದ ಟೆಸ್ಟುಗಳನ್ನೂ ಅನುವಾದಿಸಿ. ಅದಕ್ಕಿಂತ ಮುಖ್ಯವಾಗಿ, ಜಾವಾ ಲೈಬ್ರರಿಗೆ ಕೆಲವು ಸಾವಿರ ವಾಕ್ಯ ಕೊಟ್ಟು ಉತ್ತರಗಳನ್ನು ಜೇಸನ್ ಫೈಲಿನಲ್ಲಿ ಇಟ್ಟುಕೊಂಡು, ನಿಮ್ಮ ಉತ್ತರಗಳನ್ನು ಅದಕ್ಕೆ ತಾಳೆ ಹಾಕಿ. ಕನ್ನಡ, ಇಂಗ್ಲಿಷ್, ಇಮೋಜಿ, ಖಾಲಿ ಸಾಲು ಎಲ್ಲವೂ ಇರಲಿ. ವ್ಯತ್ಯಾಸ ಉಳಿದರೆ ರೀಡ್‌ಮಿಯಲ್ಲಿ ಬರೆಯಿರಿ. ತರದೆ ಬಿಟ್ಟ ಭಾಗಗಳನ್ನೂ.

ಏರಿಸುವ ಮುನ್ನ ಪೈಪಿಐನ ಪರೀಕ್ಷಾ ತಾಣವಾದ ಟೆಸ್ಟ್‌ಪೈಪಿಐಗೆ ಹಾಕಿ, ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ (ಬೇರೆ ಲೈಬ್ರರಿಗಳಿಂದ ಪ್ರತ್ಯೇಕವಾದ ಜಾಗ), ಸೋರ್ಸ್ ಫೋಲ್ಡರಿನಿಂದ ಹೊರಗೆ ನಿಂತು ಓಡಿಸಿ. ಪದಪಟ್ಟಿಯಂಥ ಡೇಟಾ ಫೈಲುಗಳು ಇನ್‌ಸ್ಟಾಲ್ ಮಾಡುವ ಪೊಟ್ಟಣವಾದ ವೀಲ್‌ನೊಳಗೆ ಸೇರದೆ ಹೋಗಿದ್ದರೆ ಆಗ ಗೊತ್ತಾಗುತ್ತದೆ. ಪೈಪಿಐನಲ್ಲಿ ಒಮ್ಮೆ ಬಳಸಿದ ಫೈಲ್ ಹೆಸರನ್ನು, ಅಳಿಸಿದ ಮೇಲೂ, ಮತ್ತೆ ಬಳಸಲಾಗದು. ಕೆಟ್ಟ ಬಿಡುಗಡೆಯನ್ನು ಅಳಿಸುವ ಬದಲು ‘ಯಾಂಕ್’ ಮಾಡಿ, ಅಂದರೆ ಹಿಂತೆಗೆದದ್ದೆಂದು ಗುರುತು ಹಾಕಿ, ಅದೇ ಆವೃತ್ತಿಯನ್ನು ನಿಖರವಾಗಿ ಕೇಳುವವರಿಗೆ ಅದು ಸಿಗುತ್ತಿರುತ್ತದೆ. ಬೀಟಾ ಬಿಟ್ಟು ಬೇರೇನೂ ಇಲ್ಲದಿದ್ದರೆ ಲೈಬ್ರರಿಗಳನ್ನು ತಂದು ಹಾಕುವ ಪಿಪ್ ಬೀಟಾವನ್ನೇ ಇನ್‌ಸ್ಟಾಲ್ ಮಾಡುತ್ತದೆಂಬುದೂ ನೆನಪಿರಲಿ.

ಮೂಲದವರ ಅನುಮತಿ ಬೇಕಿಲ್ಲ, ಲೈಸೆನ್ಸೇ ಅನುಮತಿ. ಆದರೂ ಬೀಟಾ ಬಿಟ್ಟ ದಿನವೇ ಅವರ ರೆಪಾಸಿಟರಿಯಲ್ಲಿ ಒಂದು ಇಶ್ಯೂ ತೆರೆದು, ಕೊಂಡಿ ಕೊಟ್ಟು, ಯಾವ ಟ್ಯಾಗ್‌ನಿಂದ (ಬಿಡುಗಡೆಯ ಗುರುತು) ತಂದಿರಿ ಎಂದು ತಿಳಿಸಿ. ತಾಳೆ ನೋಡುವಾಗ ಮೂಲದಲ್ಲೇ ತಪ್ಪು ಸಿಕ್ಕಿದ್ದರೆ ಅದನ್ನೂ ಅಲ್ಲಿಗೇ ಕಳಿಸಿಕೊಡಿ.

– ಸಂ.