ಗಾಡಿ ಪ್ರಶ್ನೋತ್ತರ: 14 ಇಂಚಿನ ರಿಮ್‌ಗೆ ಯಾವ ಟೈರ್?

ಪ್ರಶ್ನೆ: ನಮ್ಮದು 2019ರ ಸ್ವಿಫ್ಟ್ ವಿಎಕ್ಸ್‌ಐ. ಕಂಪನಿಯಿಂದ ಬಂದ ಟೈರ್ 165/80 ಆರ್14, ಈಗ ಸವೆದಿವೆ. ಅಂಗಡಿಯವರು ‘ಅದೇ ರಿಮ್‌ಗೆ 185/65 ಹಾಕಿಸಿ ಸರ್, ಟಾಪ್ ಮಾಡೆಲ್‌ಗೂ ಅದೇ ಬರೋದು, ಗಾಡಿ ಅಗಲ ಕಾಣುತ್ತೆ’ ಎನ್ನುತ್ತಾರೆ. ಹಾಕಿಸಬಹುದೇ? – ಓದುಗರು, ಹಾಸನ

ಉತ್ತರ: ಅಗಲದ ಟೈರ್ ಹಾಕಿಸಬಹುದು, ಆದರೆ 185/65 ಬೇಡ. ಟಾಪ್ ಮಾಡೆಲ್‌ಗೆ 185/65 ಬರುವುದು ನಿಜ. ಆದರೆ ಅದು ಆರ್15, ಅಂದರೆ 15 ಇಂಚಿನ ರಿಮ್‌ಗೆ. ಅಂಗಡಿಯವರು ಬಿಟ್ಟು ಹೇಳಿದ್ದು ಆ ಕೊನೆಯ ಅಂಕಿಯನ್ನೇ.

ಲೆಕ್ಕ ಸುಲಭ, ಮೊಬೈಲ್‌ನಲ್ಲೇ ಮಾಡಿ. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಸೈಡ್‌ವಾಲ್‌ನ ಎತ್ತರ, ಅಗಲದ ಶೇಕಡಾವಾರು. 165ರ ಶೇ 80 ಎಂದರೆ 132 ಮಿ.ಮೀ. ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿ 264. ರಿಮ್ 14 ಇಂಚು, ಅಂದರೆ 355.6. ಒಟ್ಟು ವ್ಯಾಸ 619.6 ಮಿ.ಮೀ. ಈಗ 185/65 ಆರ್14 ನೋಡಿ: 120.25ರ ಎರಡರಷ್ಟು 240.5, ಅದಕ್ಕೆ 355.6 ಕೂಡಿಸಿದರೆ 596.1. ಚಕ್ರ 23.5 ಮಿ.ಮೀ., ಅಂದರೆ ಶೇ 3.8ರಷ್ಟು ಸಣ್ಣದಾಯಿತು. ಮೂಲ ವ್ಯಾಸಕ್ಕಿಂತ ಶೇ 3ರ ಮೇಲೆ ಹೆಚ್ಚು ಕಡಿಮೆ ಆಗಬಾರದು ಎಂಬುದು ಟೈರ್ ಬದಲಿಸುವವರು ಪಾಲಿಸುವ ಮಿತಿ.

ಸಣ್ಣ ಚಕ್ರದಿಂದ ಆಗುವುದೇನು? ಗಾಡಿ ಸುಮಾರು 12 ಮಿ.ಮೀ. ಕೆಳಗಿಳಿಯುತ್ತದೆ. ಈಗಾಗಲೇ ಹಂಪ್‌ಗಳಲ್ಲಿ ತಳ ಉಜ್ಜುವ ಗಾಡಿಗೆ ಅದು ಸಣ್ಣ ವಿಷಯವಲ್ಲ. ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. ಮೀಟರ್‌ನಲ್ಲಿ 1000 ಕಿ.ಮೀ. ಎಂದು ತೋರಿಸಿದಾಗ ಗಾಡಿ ನಿಜಕ್ಕೂ ಓಡಿರುವುದು ಸುಮಾರು 962. ಪೆಟ್ರೋಲ್ ಲೆಕ್ಕ ಹಾಕುವವರಿಗೆ ಮೈಲೇಜ್ ಜಾಸ್ತಿಯಾದಂತೆ ಕಾಣುತ್ತದೆ, ‘ಹೊಸ ಟೈರ್ ಚೆನ್ನಾಗಿದೆ’ ಎಂಬ ಹೊಗಳಿಕೆ ಬರುವುದು ಹೀಗೆ.

14 ಇಂಚಿನ ರಿಮ್ ಉಳಿಸಿಕೊಂಡು ಅಗಲ ಮಾಡಬೇಕೆಂದರೆ 185/70 ಆರ್14 ಕೇಳಿ. ಅದರ ವ್ಯಾಸ 614.6, ವ್ಯತ್ಯಾಸ ಬರೀ 5 ಮಿ.ಮೀ. ಈ ಅಳತೆ 4.5ರಿಂದ 6 ಇಂಚು ಅಗಲದ ರಿಮ್ ಮೇಲೆ ಕೂರುತ್ತದೆ. ನಿಮ್ಮ ರಿಮ್ಮಿನ ಅಗಲ ಅದರ ಮೇಲೇ ಅಚ್ಚಾಗಿರುತ್ತದೆ, ‘5ಜೆ’ ಎಂಬಂತೆ. ಟೈರ್ ಬಿಚ್ಚಿದಾಗ ನೋಡಿಕೊಳ್ಳಿ. ಮೊದಲು ಒಂದೇ ಟೈರನ್ನು ಮುಂದಿನ ಚಕ್ರಕ್ಕೆ ಹಾಕಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್‌ಗೆ ತಗಲುತ್ತದೆಯೇ ನೋಡಿ. ತಗಲದಿದ್ದರೆ ಉಳಿದವನ್ನು ಹಾಕಿಸಿ. ಸ್ಟೇರಿಂಗ್ ತುಸು ಭಾರವಾಗುತ್ತದೆ, ಮೈಲೇಜ್ ತುಸು ಇಳಿಯುತ್ತದೆ.

15 ಇಂಚಿಗೆ ಹೋಗುವುದಾದರೆ 185/65 ಆರ್15 ಸರಿಯಾದ ಅಳತೆ, ವ್ಯಾಸ 621.5, ಮೂಲಕ್ಕೆ ಬಹುತೇಕ ಸಮ. ಆದರೆ ರಿಮ್ ಹೊಸದು ಬೇಕು. ಸ್ವಿಫ್ಟ್‌ಗೆ ನಾಲ್ಕು ಬೋಲ್ಟ್, ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) 100 ಮಿ.ಮೀ., ನಡುವಿನ ತೂತು 54.1 ಮಿ.ಮೀ. ಹೊರಗೆ ಸಿಗುವ ಅಲಾಯ್‌ಗಳಲ್ಲಿ ಈ ತೂತು ಅನೇಕ ಬಾರಿ ದೊಡ್ಡದಿರುತ್ತದೆ. ಆಗ ಆ ಸಂದು ತುಂಬುವ ಹಬ್ ರಿಂಗ್ ಹಾಕದೆ ಬಿಗಿದರೆ ರಿಮ್ ನಡುವಿಗೆ ಕೂರದೆ ಹೈವೇ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಅದು ಹೋಗುವುದಿಲ್ಲ.

ಗುಂಡಿ ಬಿದ್ದ ರಸ್ತೆಯಲ್ಲೇ ಹೆಚ್ಚು ಓಡಾಟವಿದ್ದರೆ ಕಂಪನಿಯ 165/80 ಅನ್ನೇ ಹಾಕಿಸಿ ಎಂಬುದು ನಮ್ಮ ಸಲಹೆ. ಎತ್ತರದ ಸೈಡ್‌ವಾಲ್ ಹೊಡೆತ ತಡೆಯುತ್ತದೆ, ರಿಮ್ ಬೆಂಡಾಗುವುದು ಕಡಿಮೆ, ಬೆಲೆಯೂ ಕಡಿಮೆ. ಅಗಲ ಕಾಣಬೇಕೆಂಬ ಆಸೆಯೊಂದೇ ಕಾರಣವಾದರೆ ಆ ದುಡ್ಡನ್ನು ಒಳ್ಳೆಯ ಬ್ರ್ಯಾಂಡಿಗೆ ಹಾಕಿ.

ಪ್ರಶ್ನೆ: ಅಳತೆಯ ಮುಂದೆ 88ಎಚ್, 85ಎಸ್ ಎಂದೆಲ್ಲ ಇರುತ್ತದೆ. ಅಳತೆ ಒಂದೇ ಆದರೆ ಕಡಿಮೆ ಅಂಕಿಯದನ್ನು ತೆಗೆದುಕೊಳ್ಳಬಹುದೇ? – ಓದುಗರು, ತುಮಕೂರು

ಉತ್ತರ: ಬೇಡ. ಅಂಕಿ ಹೇಳುವುದು ಒಂದು ಟೈರ್ ಹೊರಬಲ್ಲ ಭಾರ: 85ಕ್ಕೆ 515 ಕೆ.ಜಿ., 88ಕ್ಕೆ 560, 91ಕ್ಕೆ 615. ಅಕ್ಷರ ಹೇಳುವುದು ವೇಗದ ಮಿತಿ: ಎಸ್ 180, ಟಿ 190, ಎಚ್ 210 ಕಿ.ಮೀ. ‘ನಾನೇನು 180ರಲ್ಲಿ ಓಡಿಸ್ತೀನಾ’ ಎನ್ನಬೇಡಿ, ಆ ಅಕ್ಷರ ಟೈರ್ ಶಾಖ ತಾಳುವ ಶಕ್ತಿಯನ್ನೂ ಸೂಚಿಸುತ್ತದೆ. ಕಂಪನಿಯದಕ್ಕೆ ಸಮ ಅಥವಾ ಮೇಲಿನದು ಸರಿ, ಕೆಳಗಿನದು ಬೇಡ. ಐವರು ಕೂತು ಡಿಕ್ಕಿ ತುಂಬಿ ಘಾಟಿ ಇಳಿಯುವಾಗ ಈ ಅಂಕಿಯೇ ಕೆಲಸಕ್ಕೆ ಬರುವುದು.

ಪ್ರಶ್ನೆ: ವರ್ಷಕ್ಕೆ 4,000 ಕಿ.ಮೀ. ಕೂಡ ಓಡಿಸುವುದಿಲ್ಲ. ಟೈರ್ 2017ರದು, ಗ್ರಿಪ್ ಇನ್ನೂ ಚೆನ್ನಾಗಿದೆ. ಬದಲಿಸಲೇಬೇಕೇ? – ಓದುಗರು, ತೀರ್ಥಹಳ್ಳಿ

ಉತ್ತರ: ಬದಲಿಸಿ. ನಿಂತ ಗಾಡಿಯಲ್ಲೂ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿಯಾದ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ, ಗ್ರಿಪ್‌ನ ಗೆರೆ ಎಷ್ಟೇ ಆಳವಿರಲಿ. ಸೈಡ್‌ವಾಲ್ ಮೇಲೆ ‘ಡಿಒಟಿ’ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2317 ಎಂದಿದ್ದರೆ 2017ರ 23ನೇ ವಾರ. ಈ ನಾಲ್ಕು ಅಂಕಿ ಅನೇಕ ಟೈರ್‌ಗಳಲ್ಲಿ ಒಂದೇ ಬದಿಗಿರುತ್ತದೆ; ಹೊರಗಡೆ ಕಾಣದಿದ್ದರೆ ಗಾಡಿಯ ಅಡಿಗೆ ಬಗ್ಗಿ ಒಳಬದಿ ನೋಡಬೇಕು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ. ಹತ್ತು ವರ್ಷವಾದರೆ ನೋಡಲು ಹೇಗೇ ಇರಲಿ ತೆಗೆಯಿರಿ. ನಿಮ್ಮ ಮಲೆನಾಡಿನ ಮಳೆಗೆ ನಾವು ಅಷ್ಟು ದಿನ ಕಾಯುವುದಿಲ್ಲ, ಆರೇಳು ವರ್ಷಕ್ಕೇ ಸಾಕು. ಗೆರೆಗಳ ಬುಡದಲ್ಲಿ, ಸೈಡ್‌ವಾಲ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ ಅಷ್ಟೂ ಕಾಯಬೇಡಿ.

ಸವೆತದ ಮಿತಿ 1.6 ಮಿ.ಮೀ. ಟೈರಿನ ಅಂಚಿನಲ್ಲಿ ‘ಟಿಡಬ್ಲ್ಯುಐ’ ಅಥವಾ ಸಣ್ಣ ತ್ರಿಕೋನದ ಗುರುತು ಇರುವ ಕಡೆ, ಗೆರೆಯೊಳಗೆ ಅಡ್ಡಡ್ಡಲಾಗಿ ರಬ್ಬರಿನ ಪುಟ್ಟ ದಿಬ್ಬ ಕಾಣುತ್ತದೆ. ಟೈರ್ ಸವೆದು ಆ ದಿಬ್ಬಕ್ಕೆ ಸಮ ಬಂದರೆ ಮುಗಿಯಿತು. ಮಳೆ ಜೋರಿರುವ ಕಡೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಕ್ಷೇಮ. ಗೆರೆ ಆಳವಿಲ್ಲದಿದ್ದರೆ ನೀರು ಹೊರಹೋಗಲು ಜಾಗವಿಲ್ಲದೆ ಟೈರ್ ನೀರಿನ ಮೇಲೆ ತೇಲುತ್ತದೆ, ಬ್ರೇಕ್ ಒತ್ತಿದರೂ ಗಾಡಿ ಜಾರುತ್ತದೆ.

ಸ್ಟೆಪ್ನಿಯ ತಾರೀಖನ್ನೂ ಓದಿ. ಅದು ಸಾಮಾನ್ಯವಾಗಿ ಗಾಡಿಯ ಜೊತೆ ಬಂದದ್ದೇ ಇರುತ್ತದೆ.

ಪ್ರಶ್ನೆ: ಈಗ ಎರಡೇ ಟೈರಿಗೆ ದುಡ್ಡಿದೆ. ಹೊಸದನ್ನು ಮುಂದೆ ಹಾಕಿಸಲೇ, ಹಿಂದೆಯೇ? – ಓದುಗರು, ದಾವಣಗೆರೆ

ಉತ್ತರ: ಹಿಂದೆ. ಅಂಗಡಿಯಲ್ಲಿ ಇದಕ್ಕೆ ನಗಬಹುದು. ‘ಎಂಜಿನ್ ಎಳೆಯೋದು ಮುಂದಿನ ಚಕ್ರ, ತಿರುಗೋದೂ ಅದೇ’ ಎಂದು ಹೊಸದನ್ನು ಮುಂದಕ್ಕೆ ಹಾಕುವ ರೂಢಿ ಎಲ್ಲ ಕಡೆ ಇದೆ. ಒದ್ದೆ ತಿರುವಿನಲ್ಲಿ ಮುಂದಿನ ಟೈರ್ ಹಿಡಿತ ತಪ್ಪಿದರೆ ಗಾಡಿ ಸ್ಟೇರಿಂಗ್ ಮಾತು ಕೇಳದೆ ನೇರ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಹಿಂದಿನದು ತಪ್ಪಿದರೆ ಗಾಡಿಯ ಹಿಂಭಾಗ ಗಿರಕಿ ಹೊಡೆಯುತ್ತದೆ, ಅದನ್ನು ಸರಿಪಡಿಸಲು ಪಳಗಿದ ಕೈಗೂ ಕಷ್ಟ. ಮುಂದಿನ ಚಕ್ರ ಎಳೆಯುವ ಗಾಡಿಗೂ ಇದೇ ಮಾತು. ಆದರೆ ಮುಂದೆ ಉಳಿಯುವ ಹಳೆಯ ಜೋಡಿ ಮಿತಿಯೊಳಗಿರಬೇಕು. ಅವೂ ಬೋಳಾಗಿದ್ದರೆ ನಾಲ್ಕೂ ಹಾಕಿಸುವುದೇ ದಾರಿ. ಒಂದೇ ಆಕ್ಸಲ್‌ನ ಎರಡೂ ಬದಿಗೆ ಒಂದೇ ಕಂಪನಿ, ಒಂದೇ ಮಾದರಿ.

ಪ್ರಶ್ನೆ: 18,000 ಕಿ.ಮೀ.ಗೇ ಮುಂದಿನ ಟೈರ್‌ಗಳ ಒಳಬದಿ ನುಣ್ಣಗಾಗಿದೆ. ಟೈರೇ ಸರಿಯಿಲ್ಲವೇ? – ಓದುಗರು, ಹುಬ್ಬಳ್ಳಿ

ಉತ್ತರ: ಟೈರ್ ಸರಿಯಿರಬಹುದು, ಅಲೈನ್‌ಮೆಂಟ್ ಕೆಟ್ಟಿದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಒಳಕ್ಕೊಮ್ಮೆ, ಹೊರಕ್ಕೊಮ್ಮೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿದರೆ ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದೆ ಎಂದರ್ಥ. ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ನಡುವೆ ಸವೆದರೆ ಗಾಳಿ ಜಾಸ್ತಿ, ಅಲ್ಲಲ್ಲಿ ತಗ್ಗು ಬಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಿ. ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಸಡಿಲವಿದ್ದರೆ ಅಲೈನ್‌ಮೆಂಟ್ ಮಾಡಿಸಿದ ವಾರಕ್ಕೇ ಮತ್ತೆ ತಪ್ಪುತ್ತದೆ, ಮೊದಲು ಅವನ್ನು ಸರಿಮಾಡಿಸಿ. ಹೊಸ ಟೈರ್ ಆಮೇಲೆ. ಹಾಕಿಸುವಾಗ ವಾಲ್ವ್ ಕೂಡ ಹೊಸದು ಹಾಕಿಸಿ. ಟೈರ್ ಮೇಲೆ ಹಳದಿ ಚುಕ್ಕಿ ಇದ್ದರೆ ಅದು ವಾಲ್ವ್ ಎದುರಿಗೆ ಬರುವಂತೆ ಕೂರಿಸಲು ಹೇಳಿ, ಬ್ಯಾಲೆನ್ಸಿಂಗ್‌ಗೆ ಕಡಿಮೆ ತೂಕ ಸಾಕಾಗುತ್ತದೆ. ಬಾಣದ ಗುರುತಿರುವ ಟೈರ್ ಬಾಣದ ದಿಕ್ಕಿಗೇ ಉರುಳಬೇಕು.

ಪ್ರಶ್ನೆ: ಬೇಸಿಗೆಯಲ್ಲಿ ಟೈರ್ ಒಡೆಯದಿರಲಿ ಎಂದು ಗಾಳಿ ಕಡಿಮೆ ಇಡುತ್ತೇವೆ. ಸರಿಯೇ? – ಓದುಗರು, ಕಲಬುರಗಿ

ಉತ್ತರ: ತಲೆಕೆಳಗು. ಗಾಳಿ ಕಡಿಮೆಯಾದಷ್ಟೂ ಸೈಡ್‌ವಾಲ್ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿ ಒಳಗೇ ಕಾಯುತ್ತದೆ. ಬೇಸಿಗೆಯಲ್ಲಿ ಹೈವೇ ಮೇಲೆ ಟೈರ್ ಒಡೆಯುವುದಕ್ಕೆ ಇದೇ ದೊಡ್ಡ ಕಾರಣ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವ ಪಿಎಸ್‌ಐ ಅನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ಹಿಡಿಸಿ. ಟೈರ್ ಮೇಲೆಯೇ ಬರೆದಿರುವ ದೊಡ್ಡ ಅಂಕಿ ಗರಿಷ್ಠ ಮಿತಿ, ಅಷ್ಟು ತುಂಬಿಸಬಾರದು. ಓಡಿದ ಮೇಲೆ ನಾಲ್ಕಾರು ಪಿಎಸ್‌ಐ ಏರುವುದು ಸಹಜ, ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ನೈಟ್ರೋಜನ್ ಹಿಡಿಸಿದರೆ ತೊಂದರೆ ಇಲ್ಲ, ಆದರೆ ಮಾಮೂಲಿ ಗಾಳಿಯಲ್ಲೂ ಶೇ 78ರಷ್ಟು ಅದೇ ಇದೆ. ದುಡ್ಡು ಕೊಟ್ಟು ಹಿಡಿಸುವ ಅಗತ್ಯ ನಮಗೆ ಕಾಣುವುದಿಲ್ಲ.